ಸ್ಪೀಕರ್ ದೊಡ್ಡಮ್ಮನ ಕಿವಿ

ನಮ್ಮ ದೊಡ್ಡಮ್ಮನನ್ನು ಬೀದಿಯವರೆಲ್ಲ ಸ್ಪೀಕರ್ ದೊಡ್ಡಮ್ಮ ಎಂದೇ ಕರೆಯುತ್ತಾರೆ. ಹದಿನೆಂಟನೆಯ ವಯಸ್ಸಿಗೆ ರೇಡಿಯೊ ಕಾರ್ಖಾನೆಯಲ್ಲಿ ತಾಮ್ರದ ತಂತಿ ಸುತ್ತುವ ಕೆಲಸಕ್ಕೆ ಸೇರಿದವರು ಅವರು. ಪಕ್ಕದಲ್ಲೇ ತಗಡು ಕತ್ತರಿಸುವ ಯಂತ್ರ ಇಡೀ ದಿನ ಕಿರುಚುತ್ತಿತ್ತಂತೆ. ಕಾರ್ಖಾನೆ ಮುಚ್ಚಿದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಹಳೆಯ ಸ್ಪೀಕರುಗಳ ರಿಪೇರಿಗೆ ಕೂತರು. ಈಗ ಅವರಿಗೆ ಅರವತ್ತೆರಡು. ಅದೇ ಕೋಣೆಯ ಕಿಟಕಿಯ ಹತ್ತಿರ ದೊಡ್ಡಪ್ಪನ ಹೊಲಿಗೆ ಯಂತ್ರವಿದೆ. "ನಮ್ಮಿಬ್ಬರಿಗೆ ಜಗಳ ಆದ್ರೆ ಯಂತ್ರ ಮಾತ್ರ ಸದ್ದು ಮಾಡುತ್ತೆ, ನಾವು ಮಾಡಲ್ಲ" ಎಂದು ದೊಡ್ಡಪ್ಪ ಹೇಳುವುದುಂಟು.

ಸ್ಪೀಕರಿನ ಪೆಟ್ಟಿಗೆಯೊಳಗೆ ಕ್ರಾಸ್ಓವರ್ ಎಂಬ ಸಣ್ಣ ಹಲಗೆ ಇರುತ್ತದೆ. ದಪ್ಪ ದನಿಯನ್ನು ಕೆಳಗಿನ ದೊಡ್ಡ ಕಾಗದದ ಕೋನ್‌ಗೂ, ಸೀಟಿಯಂಥ ಸಣ್ಣ ದನಿಯನ್ನು ಮೇಲಿನ ಪುಟ್ಟ ಟ್ವೀಟರಿಗೂ ಹಂಚಿಕೊಡುವುದು ಅದರ ಕೆಲಸ. ಆ ಹಲಗೆಯ ಮೇಲಿನ ಕೆಪಾಸಿಟರುಗಳು ಇಪ್ಪತ್ತು ಮೂವತ್ತು ವರ್ಷಕ್ಕೆ ಒಣಗುತ್ತವೆ. ಅವನ್ನು ಬಿಚ್ಚಿ ಅದೇ ಅಳತೆಯ ಹೊಸದನ್ನು ಕೂರಿಸುವುದರಲ್ಲಿ ದೊಡ್ಡಮ್ಮ ಎತ್ತಿದ ಕೈ. ಅವರು ಬೆಸೆದ ಜಾಗ ನೀರಿನ ಹನಿಯ ಹಾಗೆ ಹೊಳೆಯುತ್ತದೆ.

ಒಂದು ವರ್ಷದ ಹಿಂದೆ ಹಳೆಯ ಬಗೆಯ ಕೆಪಾಸಿಟರ್ ಅಂಗಡಿಗೆ ಬರುವುದು ನಿಂತಿತು. ಹೊಸ ಬಗೆಯದು ಬಂತು. ಅದು ಒಳ್ಳೆಯದೇ, ಆದರೆ ಹಳೆಯದು ವಿದ್ಯುತ್ತನ್ನು ಒಂದಿಷ್ಟು ತಡೆದು ಬಿಡುತ್ತಿತ್ತು, ಹೊಸದು ತಡೆಯುವುದಿಲ್ಲ. ಹಾಗಾಗಿ ಟ್ವೀಟರಿನ ದನಿ ಹರಿತವಾಗಬಹುದು. ಆಗ ಆ ತಡೆಗಾಗಿ ಜೊತೆಗೊಂದು ಚಿಕ್ಕ ರೆಸಿಸ್ಟರ್ ಹಾಕಬೇಕು. "ಯಾವಾಗ ಹಾಕೋದು?" ಎಂದು ದೊಡ್ಡಮ್ಮ ಕೇಳಿದಾಗ ಅಂಗಡಿಯವನು, "ನಿಮ್ಮ ಕಿವಿ ಹೇಳುತ್ತೆ ಬಿಡಿ, ನಿಮಗೆ ನಾನು ಪಾಠ ಮಾಡೋದಾ?" ಎಂದಿದ್ದ. ದೊಡ್ಡಮ್ಮನ ಕಿವಿ ಆ ಒಂದು ವರ್ಷದಲ್ಲಿ ಒಮ್ಮೆಯೂ ಹೇಳಲಿಲ್ಲ.

ಮುಂದಿನದು ದೊಡ್ಡಪ್ಪ ನನಗೆ ಹೇಳಿದ್ದು. ಅವರು ಹೇಳಿದಂತೆಯೇ ಬರೆದಿದ್ದೇನೆ.

ಐವತ್ತರ ಆಸುಪಾಸಿನ ಟೀಚರೊಬ್ಬರು ಒಂದು ಜೊತೆ ಸ್ಪೀಕರ್ ರಿಪೇರಿ ಮಾಡಿಸಿಕೊಂಡು ಹೋಗಿದ್ದರು. ವಾರ ಕಳೆದು ಆಟೊದಲ್ಲಿ ವಾಪಸ್ ತಂದರು, ಜೊತೆಗೆ ಕ್ಯಾಸೆಟ್ ಪ್ಲೇಯರ್ ಕೂಡ. ಅವರ ಯಜಮಾನರು ಬದುಕಿದ್ದಾಗ ಕಣ್ಣು ಕಾಣದ ಮಕ್ಕಳಿಗಾಗಿ ಪಾಠಗಳನ್ನು ಓದಿ ಕ್ಯಾಸೆಟ್ಟಿಗೆ ತುಂಬಿಸಿದ್ದರು. ಟೀಚರಿಗೆ ಉಳಿದ ದನಿ ಅದೊಂದೇ.

"'ಸ' ಅಕ್ಷರ ಬಂದಾಗಲೆಲ್ಲ ಸೂಜಿ ಚುಚ್ಚಿದ ಹಾಗಾಗುತ್ತೆ. ಅವರು ಹೀಗೆ ಸೀಟಿ ಹೊಡ್ಕೊಂಡು ಮಾತಾಡ್ತಿರಲಿಲ್ಲ ಅಮ್ಮ," ಎಂದರು ಟೀಚರ್.

ದೊಡ್ಡಮ್ಮ ಕ್ಯಾಸೆಟ್ ಹಾಕಿ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಹಲಗೆ ಬಿಚ್ಚಿ ಮೀಟರ್ ಹಿಡಿದರು. "ಎಲ್ಲ ಸರಿಯಾಗಿದೆ ಟೀಚರ್. ಮೀಟರ್ ಸುಳ್ಳು ಹೇಳಲ್ಲ."

"ಮೀಟರಿಗೆ ನಮ್ಮ ಯಜಮಾನರ ಪರಿಚಯ ಇರಲಿಲ್ಲವಲ್ಲ!"

ದೊಡ್ಡಮ್ಮನ ಮುಖ ಕೆಂಪಾಯಿತು. ಕಿಟಕಿಯ ಕಡೆ ತಿರುಗಿ, "ರೀ, ನೀವಾದ್ರೂ ಹೇಳಿ. ಚುಚ್ಚುತ್ತಾ?" ಎಂದರು.

ದೊಡ್ಡಪ್ಪ ಯಾವ ಮಾತಿಗೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಉತ್ತರಿಸುವವರು. ಅವತ್ತು ಹೊಲಿಗೆ ಯಂತ್ರದಿಂದ ಕಾಲು ತೆಗೆದರು.

"ಚುಚ್ಚುತ್ತೆ."

"ಯಾವಾಗಿಂದ?"

"ಇದೊಂದೇ ಅಲ್ಲ. ವರ್ಷದಿಂದ ನೀನು ಕೊಟ್ಟ ಸುಮಾರು ಪೆಟ್ಟಿಗೆ ಹೀಗೇ."

"ಹೇಳೋಕೆ ಏನಾಗಿತ್ತು? ಬಾಯಲ್ಲಿ ಗುಂಡಿ ಇಟ್ಕೊಂಡಿದ್ರಾ?"

"ಬಟ್ಟೆ ಹೊಲಿಯೋನು ನಾನು. ನಿನ್ನ ಕಿವಿಗೆ ನಾನು ಹೇಳೋದಾ ಅನ್ಸಿತು." ಆಮೇಲೆ ಯಂತ್ರದ ಸೂಜಿಯನ್ನೇ ನೋಡುತ್ತ, "ನಿನಗೆ ನೋವಾಗುತ್ತೆ ಅಂತಲೂ ಇತ್ತು," ಎಂದರು.

ದೊಡ್ಡಮ್ಮ ಹಲಗೆಯನ್ನು ಮತ್ತೆ ಜೋಡಿಸಿದರು. ಟ್ವೀಟರ್ ಪರೀಕ್ಷಿಸುವ ಸೀಟಿಯ ದನಿಯನ್ನು ಹಾಕಿದರು. ಅದು ಕೆಳಗಿನಿಂದ ಶುರುವಾಗಿ ಮೇಲಕ್ಕೆ ಮೇಲಕ್ಕೆ ಏರುತ್ತದೆ. "ಮೂವರೂ ಕೈ ಎತ್ತೋಣ. ಕೇಳಿಸೋದು ನಿಂತಾಗ ಇಳಿಸಿ," ಎಂದರು. ಮೂರು ಕೈಗಳು ಮೇಲಿದ್ದವು. ದೊಡ್ಡಮ್ಮನ ಕೈ ಮೊದಲು ಇಳಿಯಿತು. ಕೋಣೆ ನಿಶ್ಶಬ್ದವಾಗಿದೆ ಎಂದುಕೊಂಡು ಅವರು ಮುಖ ಎತ್ತಿದರು. ಉಳಿದಿಬ್ಬರ ಕೈಗಳು ಇನ್ನೂ ಮೇಲೇ ಇದ್ದವು. ದೊಡ್ಡಪ್ಪನಿಗೆ ತಮ್ಮ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲವಂತೆ.

ದನಿ ನಿಂತ ಮೇಲೆ ದೊಡ್ಡಮ್ಮ ಬೆಸೆಯುವ ಐರನ್ ಕಾಯಿಸಲು ಇಟ್ಟರು. "ಟೀಚರ್, ಇಲ್ಲಿ ಬಂದು ಕೂತ್ಕೊಳ್ಳಿ. ನಾನು ಹಾಕ್ತಾ ಹೋಗ್ತೀನಿ, ನೀವು ಹೇಳ್ತಾ ಹೋಗಿ."

ಮೊದಲ ರೆಸಿಸ್ಟರಿಗೆ ಟೀಚರ್, "ಇನ್ನೂ ಇದೆ" ಎಂದರು. ಎರಡನೆಯದಕ್ಕೆ, "ಈಗ ಕಂಬಳಿ ಹೊದ್ದುಕೊಂಡು ಓದಿದ ಹಾಗಿದೆ" ಎಂದರು. ಮೂರನೆಯದನ್ನು ಹಾಕಿದಾಗ ಸ್ಪೀಕರಿನ ಹತ್ತಿರಕ್ಕೆ ಬಾಗಿದರು. ಕ್ಯಾಸೆಟ್ಟಿನ ದನಿ ಮಳೆ ಹೇಗೆ ಬರುತ್ತದೆ ಎಂಬ ಪಾಠವನ್ನು ನಿಧಾನವಾಗಿ ಓದುತ್ತಿತ್ತು. ಟೀಚರ್ ಸೆರಗನ್ನು ಬಾಯಿಗೆ ಒತ್ತಿಕೊಂಡು ಸರಿ ಎಂಬಂತೆ ತಲೆಯಾಡಿಸಿದರು. ದೊಡ್ಡಮ್ಮನಿಗೆ ಮೂರಕ್ಕೂ ಒಂದೇ ದನಿ ಕೇಳಿಸಿತ್ತು. ಅವರು ಟೀಚರ ಮುಖವನ್ನೇ ನೋಡುತ್ತಿದ್ದರು. ತಲೆಯಾಡಿದ ಮೇಲೆ ಅದನ್ನೇ ಗಟ್ಟಿಯಾಗಿ ಬೆಸೆದರು.

ಟೀಚರ್ ಹೊರಟ ಮೇಲೆ ದೊಡ್ಡಪ್ಪ, "ಇನ್ನು ಸಾಕು ಅನ್ಸಿದ್ರೆ ಬಿಟ್ಟುಬಿಡು. ಯಾರೂ ಏನೂ ಅನ್ನಲ್ಲ," ಎಂದರು.

"ಬಿಡೋದು ಆಮೇಲೆ. ಕೊಟ್ಟಿರೋದು ಏನಾಗಬೇಕು?"

ಆ ವರ್ಷ ಪೆಟ್ಟಿಗೆ ತಂದವರ ಫೋನ್ ನಂಬರುಗಳ ಚೀಟಿಗಳನ್ನು ಡಬ್ಬಿಯಿಂದ ಮೇಜಿನ ಮೇಲೆ ಸುರಿದರು. ಮೇಲಿದ್ದ ಚೀಟಿಯವರಿಗೆ ಫೋನ್ ಹಚ್ಚಿದರು. ಆ ಕಡೆಯವರು ಪೆಟ್ಟಿಗೆ ಚೆನ್ನಾಗಿಯೇ ಇದೆ ಎಂದಿರಬೇಕು.

"ಇರಲಿ, ಒಂದು ಸಲ ತನ್ನಿ," ಎಂದರು ದೊಡ್ಡಮ್ಮ. "ಕೆಲಸ ಸರಿಯಾಗೇ ಮಾಡಿದ್ದೀನಿ. ಆದ್ರೆ ನನಗೆ ಸಣ್ಣ ದನಿ ಕೇಳಿಸಲ್ಲ. ನೀವೇ ಪಕ್ಕದಲ್ಲಿ ಕೂತು ಹೇಳಬೇಕು."

ಆ ಕಡೆಯವರು ಸರಿಯಾಗಿ ಕೇಳಿಸಲಿಲ್ಲ ಎಂದರೋ ಏನೋ, ದೊಡ್ಡಮ್ಮ ಅದೇ ಮಾತನ್ನು ಇನ್ನೊಮ್ಮೆ, ಇನ್ನಷ್ಟು ಜೋರಾಗಿ ಹೇಳಿದರು.