ಈರಮ್ಮ ಎತ್ತದ ಅಲಮಾರಿ

ಈರಮ್ಮನವರು ಏನನ್ನಾದರೂ ಎತ್ತಿದ್ದನ್ನು ಕಂಡವರು ಹುಮನಾಬಾದಿನ ನಮ್ಮ ಕಚೇರಿಯಲ್ಲಿ ಯಾರೂ ಇರಲಿಲ್ಲ. ಎತ್ತಿಡುವುದೇ ಅವರ ನೌಕರಿ ಎಂಬುದು ಬೇರೆ ಮಾತು. ಎಡಗೈ ಸದಾ ಸೊಂಟದ ಮೇಲೆ, ಬಲಗೈಯ ತೋರುಬೆರಳು ಎತ್ತಬೇಕಾದ ಸಾಮಾನಿನ ಕಡೆಗೆ. "ನನ್ನ ನಡಾ ಹೋಗ್ಯಾದ್ರಿ" ಎನ್ನುತ್ತಿದ್ದರು, ಸೊಂಟ ಎಲ್ಲೋ ಪರವೂರಿಗೆ ಹೋಗಿ ಇನ್ನೂ ಬಂದಿಲ್ಲ ಎಂಬಂತೆ.

ಊರಿನ ಮಕ್ಕಳಿಗೆ, ಮನೆಮಂದಿಗೆ ತೊಂದರೆ ಕೈಮೀರುವ ಮೊದಲೇ ನೆರವು ಕೊಡುವ ಕೇಂದ್ರ ನಮ್ಮದು. ನಾನು ಸಮಾಲೋಚಕಿ, ಈರಮ್ಮ ಆಯಾ. ಇದ್ದದ್ದು ಎರಡೇ ಕೋಣೆಯಾದರೂ ಮೇಲಿನವರು ಅವನ್ನು ಪುನರ್ರಚಿಸುತ್ತಲೇ ಇದ್ದರು. ಮಗುವೇ ಮುಖ್ಯ ಎಂದು ಆದೇಶ ಬಂದರೆ ತೂಕದ ಯಂತ್ರ ಮುಂದಕ್ಕೆ, ಅಲಮಾರಿ ಹಿಂದಕ್ಕೆ. ಕುಟುಂಬವೇ ಮುಖ್ಯ ಎಂದು ಇನ್ನೊಂದು ಬಂದರೆ ಅಲಮಾರಿ ಮುಂದಕ್ಕೆ. ಆ ಕಬ್ಬಿಣದ ಅಲಮಾರಿಯ ಕೀಲಿ ಯಾವುದೋ ಹಳೆಯ ಪುನರ್ರಚನೆಯಲ್ಲೇ ಕಳೆದುಹೋಗಿತ್ತು. ಒಳಗೇನಿದೆಯೋ ಯಾರಿಗೂ ಗೊತ್ತಿಲ್ಲ. ಆದರೂ ಅದನ್ನು ಸರಿಸದೆ ಯಾವ ಸುಧಾರಣೆಯೂ ಮುಗಿಯುತ್ತಿರಲಿಲ್ಲ. ಹೊರುವವರು ಮಾತ್ರ ನೆರವು ಕೇಳಿ ಬಂದವರು. "ಸರಕಾರದ ಮದದ್ ಬೇಕಂದ್ರ ಮೊದಲ ಸರಕಾರಕ್ಕ ಮದದ್ ಮಾಡ್ರಿ" ಎಂದು ಈರಮ್ಮ ಬೆರಳು ಚಾಚುತ್ತಿದ್ದರು.

ಒಂದು ದಿನ ಘಾಟಬೋರಾಳದಿಂದ ಮಲ್ಲಪ್ಪ, ಸುನೀತಾ ತಮ್ಮ ನಾಲ್ಕು ವರ್ಷದ ಗೌರಿಯನ್ನು ಕರೆದುಕೊಂಡು ಬಂದರು. ತನ್ನನ್ನು ಕೇಳದೆ ಎಮ್ಮೆ ಮಾರಿದನೆಂದು ಸುನೀತಾ ಗಂಡನ ಮನೆ ಬಿಟ್ಟು ಅದೇ ಊರಿನ ತವರು ಸೇರಿದ್ದಳು. ಗಂಡಹೆಂಡಿರ ಮಾತೆಲ್ಲ ಮಗಳ ಬಾಯಿಂದ. ಒಬ್ಬರಲ್ಲಿ ಉಂಡರೆ ಇನ್ನೊಬ್ಬರಿಗೆ ಸಿಟ್ಟು ಬರುತ್ತದೆಂದು ಆ ಕೂಸು ಎರಡೂ ಕಡೆ ಉಣ್ಣುವುದನ್ನೇ ಬಿಟ್ಟಿತ್ತು. ಕೈಕಾಲು ಕಡ್ಡಿಯಂತಾಗಿದ್ದವು. "ನಿಮಗೆ ಏನನಿಸುತ್ತದೆ?" ಎಂದು ತರಬೇತಿಯಲ್ಲಿ ಕಲಿತ ಪ್ರಶ್ನೆ ಕೇಳಿದೆ. ಅವನು ಒಂದು ಗೋಡೆ ನೋಡಿದ, ಅವಳು ಇನ್ನೊಂದು.

ಅಷ್ಟರಲ್ಲಿ ಈರಮ್ಮ ಬಂದರು. ಹೊಸ ಆದೇಶದಂತೆ ಮಗು ಮತ್ತೆ ಮುಖ್ಯವಾಗಿತ್ತು. "ಖಾಲಿ ಕುಂತೀರಿ ಅಲ್ಲ, ಜರಾ ಹಿಡೀರಿ."

ಅಲಮಾರಿ ನಡುಬಾಗಿಲಲ್ಲಿ ಸಿಕ್ಕಿಕೊಂಡಿತು. ಮಲ್ಲಪ್ಪ ಮತ್ತು ನಾನು ಒಳಗೆ, ಉಳಿದವರು ಹೊರಗೆ.

"ಅಪ್ಪಾ, ಎತ್ತಬೇಕಂತ, ಅವ್ವ ಹೇಳ್ಯಾಳ" ಎಂದು ಗೌರಿ ಆಚೆಯಿಂದ ಕೂಗಿದಳು.

"ಎತ್ತಾಕತ್ತೀನಂತ ಹೇಳು ನಿಮ್ಮವ್ವಗ."

ಅಲಮಾರಿ ಅವನ ಕಡೆ ವಾಲಿತು. "ಏ, ಕಾಲ್ ತೆಗಿ! ಬೆರಳು ಹೋಗ್ತಾವ!" ಎಂದು ಸುನೀತಾ ಚೀರಿದಳು, ನೇರ ಗಂಡನಿಗೇ.

"ನನ್ನ ಕಾಲಿನ ಚಿಂತಿ ನಿನಗ್ಯಾಕ?"

"ಕುಂಟಗೋತ ಹೋಗಿ ಎಮ್ಮಿ ಹ್ಯಾಂಗ ವಾಪಸ್ ತರ್ತಿ?"

ಅಲ್ಲಿಂದ ಎಮ್ಮೆಯ ಜಗಳ ಅಲಮಾರಿಯ ಆಚೆಈಚೆ ಭರ್ಜರಿಯಾಗಿ ನಡೆಯಿತು. ನಾನು ಒಳಗೇ ಬಂದಿ. ಸಂದಿಯಿಂದ ಇಣುಕಿದರೆ ಈರಮ್ಮ ಸ್ಟೂಲಿನ ಮೇಲೆ ಕೂತು ತಮ್ಮ ಬುತ್ತಿಯ ರೊಟ್ಟಿ, ನಂಚಿಕೊಳ್ಳುವ ಶೇಂಗಾ ಹಿಂಡಿ ಬಿಚ್ಚಿದ್ದರು. "ನೀ ಉಣ್ಣವ್ವ. ಅವರೇ ಮಾತಾಡಾಕತ್ತಾರ, ಈಗ ನಿಂದೇನು ಕೆಲಸಿಲ್ಲ." ಗೌರಿ ಉಂಡಳು.

ಸಂಜೆ ಅಲಮಾರಿಯನ್ನು ಓರೆ ಮಾಡಿ ನಾವಿಬ್ಬರೂ ಹೊರಬಂದ ಮೇಲೆ, ಗಂಡಹೆಂಡಿರು ಬೈದಾಡುತ್ತಲೇ ಮಗಳೊಂದಿಗೆ ಒಂದೇ ಬಸ್ಸು ಹತ್ತಿದರು. ಈರಮ್ಮನಿಗೆ ಅದರ ಸಂತೋಷವೇನೂ ಕಾಣಲಿಲ್ಲ. "ಒಳಗ ಇಡ್ರಿ ಅಂದ್ರ ಬಾಗಲದಾಗ ಬಿಟ್ಟು ಹೋದ್ರಲ್ರಿ!" ಎಂದು ಗೊಣಗಿದರು.

ಕಡೆಯ ಪುನರ್ರಚನೆ ನಮ್ಮ ಕೇಂದ್ರವನ್ನೇ ಬಸವಕಲ್ಯಾಣದ ಕೇಂದ್ರದೊಳಗೆ ಸೇರಿಸಿತು. ಇಲ್ಲಿ ಕುರ್ಚಿಗಳನ್ನು ನೆಲಕ್ಕೆ, ನಮ್ಮ ಅಲಮಾರಿಯನ್ನೂ ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ್ದಾರೆ. ಎತ್ತುವಂಥದ್ದು ಏನೂ ಇಲ್ಲವಾದ್ದರಿಂದ ಆಯಾ ಹುದ್ದೆಯೂ ಇಲ್ಲ. ಜಗಳವಾಡಿ ಬಂದ ದಂಪತಿಗಳು ಎರಡು ಗೋಡೆ ನೋಡುತ್ತಾ ಅಲ್ಲಾಡದೆ ಕೂರುತ್ತಾರೆ. ಆಗೆಲ್ಲ ಬಾಗಿಲ ಕಡೆ ನೋಡುತ್ತೇನೆ, ಈರಮ್ಮ ಇಲ್ಲವಲ್ಲ ಎಂದು ಸಂಕಟವಾಗುತ್ತದೆ.

ಅವರನ್ನು ಕೊನೆಗೆ ಕಂಡದ್ದು ಹುಮನಾಬಾದಿನಿಂದ ಸಾಮಾನು ಸಾಗಿಸಿದ ದಿನ. ಅಲಮಾರಿ ಹೊರಲು ಘಾಟಬೋರಾಳಕ್ಕೇ ಹೇಳಿ ಕಳಿಸಿದ್ದರು, "ರೂಢಿ ಇದ್ದವರೇ ಬೇಕ್ರಿ" ಎಂದು. ಮಲ್ಲಪ್ಪ, ಸುನೀತಾ ಒಬ್ಬರನ್ನೊಬ್ಬರು ಗದರುತ್ತಾ ಅದನ್ನು ಟೆಂಪೊಗೆ ಏರಿಸಿದರು. ಈರಮ್ಮ ದಾರಿಯಲ್ಲೇ ಸಿಗುವ ತಮ್ಮೂರು ರಾಜೇಶ್ವರದವರೆಗೆ ಅದರಲ್ಲೇ ಹೋಗುವವರು. ಹೊರಡುವಾಗ ಗೌರಿ ಓಡಿಬಂದು ಅವರ ಸೆರಗು ಹಿಡಿದಳು. ಈರಮ್ಮ ಸೊಂಟದ ಮೇಲಿನ ಕೈ ತೆಗೆದರು, ಬಾಗಿದರು, ಹುಡುಗಿಯನ್ನು ಎತ್ತಿ ಅದೇ ಸೊಂಟದ ಮೇಲೆ ಕೂರಿಸಿಕೊಂಡರು.

"ನಡಾ ಹೋಗ್ಯಾದ ಅಂತಿದ್ರಿ?" ಎಂದೆ ಬಾಯಿ ತೆರೆದು.

"ಈಗ ಖರೇನೇ ಹೋಗ್ತದ್ರಿ. ಏನ್ ಭಾರ ಆಗ್ಯಾಳ ಇಕಿ!" ಎಂದರು ಈರಮ್ಮ. ಕೆಳಗಿಳಿಸಲಿಲ್ಲ.