ಗಿರಿಜಕ್ಕನ ಹೆಸರಿಲ್ಲದ ಹೂವು

ಗಿರಿಜಕ್ಕ ಬೆಳಗ್ಗೆ ಎದ್ದು ಮೊದಲು ಬೈಯುತ್ತಿದ್ದದ್ದು ಗಿಡಗಳನ್ನು. ಸೊಂಟಕ್ಕೆ ಸೆರಗು ಸಿಕ್ಕಿಸಿ, ಜಯಪುರದ ಪೇಟೆಬೀದಿಗೆಲ್ಲ ಕೇಳುವಂತೆ, "ಗೊಬ್ಬರ ತಿಂದು ತಿಂದು ಬರೀ ಎಲೆ ಬಿಡ್ತೀಯಲ್ಲ, ಹೂ ಬಿಡಕ್ಕೆ ಎಂತ ರೋಗ ನಿಂಗೆ" ಎಂದು ದಾಸವಾಳವನ್ನು ವಿಚಾರಿಸಿಕೊಳ್ಳುತ್ತಿದ್ದಳು. ದಾಸವಾಳದ ಸರದಿ ಮುಗಿದರೆ ಗಂಡನದು. ಪಾತ್ರೆ ಅಂಗಡಿಯ ಆ ಸಾಧು ಮನುಷ್ಯ ಅಷ್ಟರೊಳಗೆ ಅಂಗಡಿ ಬಾಗಿಲು ತೆಗೆದು ಕೂತಿರುತ್ತಿದ್ದ. ಪಕ್ಕದ ಮನೆಯ ನಮಗೆ ಏಳಲು ಕೋಳಿ ಕೂಗಬೇಕಿರಲಿಲ್ಲ.

ಬಾಯಿ ಎಷ್ಟು ಜೋರೋ ಕೈ ಅಷ್ಟೇ ಧಾರಾಳ. ಹೂಗಿಡವನ್ನು ಕದ್ದು ತಂದು ನೆಟ್ಟರೇ ಚೆನ್ನಾಗಿ ಚಿಗುರುತ್ತದೆ ಎಂಬ ನಂಬಿಕೆ ನಮ್ಮ ಕಡೆಯ ಹೆಂಗಸರಿಗೆ ಇವತ್ತಿಗೂ ಇದೆ. ಅದನ್ನು ಕೇಳಿದರೆ ಗಿರಿಜಕ್ಕನಿಗೆ ಮೂಗಿನ ತುದಿಗೆ ಸಿಟ್ಟು ಬರುತ್ತಿತ್ತು. "ಕಳ್ಳರು ಕಟ್ಟಿದ ಮಾತು ಮಾರಾಯ್ತಿ ಅದು. ಬಾಯಿಬಿಟ್ಟು ಕೇಳು, ಬುಡ ಸಮೇತ ಕೊಡ್ತೀನಿ" ಎನ್ನುತ್ತಿದ್ದಳು. ಕೊಡುತ್ತಲೂ ಇದ್ದಳು.

ಎರಡನೇ ಮಹಾಯುದ್ಧ ಶುರುವಾದ ಮೇಲೆ ಕಾಫಿ ತೋಟದ ಇಂಗ್ಲಿಷ್ ದೊರೆಯೊಬ್ಬ ಬಂಗಲೆ ಖಾಲಿ ಮಾಡಿ ಹೋದ. ಅಲ್ಲಿಗೆ ಪಾತ್ರೆ ಕೊಡುತ್ತಿದ್ದ ಗಿರಿಜಕ್ಕನ ಗಂಡ ಅಲ್ಲಿಂದ ಒಂದು ಹೂಕುಂಡ ತಂದ. ಅದರ ಗಿಡವನ್ನು ಅವಳು ಅಂಗಳದಲ್ಲಿ ನೆಟ್ಟಳು. ಮಳೆಗಾಲದಲ್ಲಿ ಹೂ ಬಿಟ್ಟಾಗ ಬೀದಿಯೇ ಬಂದು ನಿಂತಿತು. ತೆಂಗಿನಕಾಯಿ ಗಾತ್ರದ ಗೊಂಚಲು, ಅಚ್ಚ ನೀಲಿ. ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಔಷಧಿ ಕೊಡುವ ಪಂಡಿತರು ಎಲೆ ಮೂಸಿ ತಲೆಯಾಡಿಸಿದರು. ಶಾಲೆಯ ಮೇಷ್ಟ್ರು ಎರಡು ಮೂರು ಹೆಸರು ಹೇಳಿ, ಅಷ್ಟನ್ನೂ ತಾವೇ ವಾಪಸು ತೆಗೆದುಕೊಂಡರು. "ಹೆಸರಿಲ್ದಿದ್ರೆ ಎಂತ, ಹೂ ಬಿಟ್ಟಿದೆಯಲ್ಲ" ಎಂದಳು ಗಿರಿಜಕ್ಕ.

ಆ ನೀಲಿಯ ಮೇಲೆ ಪಟೇಲರ ಹೆಂಡತಿಯ ಕಣ್ಣು ಬಿತ್ತು. ಈಶ್ವರನ ಪೂಜೆಗೆ ಬೇಕೆಂದು ಕೇಳಿದರು. ಗಿರಿಜಕ್ಕ ಒಳ್ಳೆಯ ರೆಂಬೆಯನ್ನೇ ಕಡಿದುಕೊಟ್ಟಳು. ಅವರು ಅದನ್ನು ಬಚ್ಚಲೊಲೆಯ ಬೂದಿ ಸುರಿಯುವ ಜಾಗದಲ್ಲಿ, ಗೊಬ್ಬರವಾದೀತೆಂದು, ನೆಡಿಸಿದರು. ಮರುವರ್ಷ ಅದು ಬಿಟ್ಟ ಹೂವು ಗುಲಾಬಿ ಬಣ್ಣದ್ದು.

ಅಲ್ಲಿಂದ ಶುರುವಾಯಿತು. ಗಿರಿಜಕ್ಕ ಚಂದದ್ದನ್ನು ತನಗಿಟ್ಟುಕೊಂಡು ಬೇರೆ ಯಾವುದನ್ನೋ ಸಾಗಹಾಕಿದಳು, ವ್ಯಾಪಾರದವರ ಬುದ್ಧಿ ಎಲ್ಲಿ ಹೋದೀತು ಎಂದು ಪಟೇಲರ ಹೆಂಡತಿ ಊರೆಲ್ಲ ಹೇಳಿದರು. ಗೌರಿ ಹಬ್ಬದ ಅರಿಶಿನ ಕುಂಕುಮಕ್ಕೆ ಅವರ ಮನೆಯಲ್ಲಿ ನಾವೆಲ್ಲ ಸಾಲಾಗಿ ಕೂತಿದ್ದೆವು. ಕುಂಕುಮದ ಬಟ್ಟಲು ಹಿಡಿದ ಆಕೆ ನನ್ನ ಅಮ್ಮನ ಮುಂದೆ ನಿಂತರು, ಗಿರಿಜಕ್ಕನನ್ನು ದಾಟಿದರು, ಅವಳಾಚೆ ಕೂತವಳ ಮುಂದೆ ನಿಂತರು. ಗಂಡ ಬದುಕಿರುವ ಹೆಂಗಸಿಗೆ ಕುಂಕುಮ ತಪ್ಪಿಸಿದರೆ ಅದರ ಅರ್ಥವೇನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ಮಿಕ್ಕವರೆಲ್ಲ ಹಣೆಯೊಡ್ಡಿ ಕುಂಕುಮ ಇಡಿಸಿಕೊಂಡರು. ಇದನ್ನು ಬರೆಯುವಾಗ ಇಂದಿಗೂ ನನಗೆ ಮೈ ಉರಿಯುತ್ತದೆ.

ಮಾರನೆಯ ದಿನ ಗಿರಿಜಕ್ಕ ತನ್ನ ನೀಲಿ ಗಿಡವನ್ನು ಬೇರುಸಹಿತ ಅಗೆದು, ಬುಟ್ಟಿಯಲ್ಲಿ ಹೊತ್ತು ಪಟೇಲರ ಮನೆಗೆ ಹೋದಳು. ಅಮ್ಮ, ನಾನು ಹಿಂದೆಯೇ ಓಡಿದೆವು. ಗುಲಾಬಿ ಬಣ್ಣದ ಗಿಡದ ಪಕ್ಕ ತಾನೇ ಗುಂಡಿ ತೋಡಿ ನೆಟ್ಟಳು.

"ಎಂತಕ್ಕೆ ಹಂಗಾಯ್ತೋ ನಂಗೊತ್ತಿಲ್ಲಮ್ಮ. ಕೊಟ್ಟಿದ್ದು ಇದೇ ಗಿಡದ್ದು. ನನ್ನ ಹತ್ರ ಬೇರೆ ಇಲ್ಲ. ಇದೂ ನಿಮ್ಮಲ್ಲೇ ಇರ್ಲಿ, ಎಂತ ಬಣ್ಣ ಬಿಡ್ತದೆ ನೀವೇ ನೋಡಿ."

ದನಿ ಏರಿಸದೆ ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅಂದೇ.

ಮುಂದಿನ ಮಳೆಗೆ ಎರಡೂ ಗಿಡ ಗುಲಾಬಿ ಬಣ್ಣವನ್ನೇ ಬಿಟ್ಟವು. ಪಟೇಲರ ಹೆಂಡತಿ ತಪ್ಪಾಯಿತು ಅನ್ನಲಿಲ್ಲ. ಗೌರಿ ಹಬ್ಬದಲ್ಲಿ ಬಟ್ಟಲು, ಏನೂ ಆಗಿಲ್ಲವೆಂಬಂತೆ, ಗಿರಿಜಕ್ಕನ ಮುಂದೆ ಬಂತು. ಅವಳು ಅಂಗೈಯಿಂದ ಹಣೆ ಮುಚ್ಚಿಕೊಂಡು, "ನಾ ಮನೇಲೇ ಇಟ್ಕೊಂಡು ಬಂದಿದ್ದೀನಿ" ಎಂದಳು. ಆಮೇಲೆ ವರ್ಷ ವರ್ಷವೂ ಕರೆದಾಗ ಹೋದಳು, ಅದನ್ನೇ ಹೇಳಿ ಬಂದಳು.

ನಾನು ಮದುವೆಯಾಗಿ ನರಸಿಂಹರಾಜಪುರಕ್ಕೆ ಹೋದೆ. ಒಮ್ಮೆ ಮೈಸೂರಿನ ತೋಟವೊಂದರಲ್ಲಿ ಅದೇ ಹೂವು ಕಂಡಿತು. ಹೆಸರು ಮಾಲಿಯಿಂದ ತಿಳಿಯಿತು. ಊರಿಗೆ ಬಂದವಳೇ ಹಾಸಿಗೆ ಹಿಡಿದಿದ್ದ ಗಿರಿಜಕ್ಕನ ಬಳಿ ಓಡಿದೆ. "ಹೈಡ್ರಾಂಜಿಯ ಅಂತೆ ಗಿರಿಜಕ್ಕ. ನಮ್ಮ ಹುಳಿ ಮಣ್ಣಲ್ಲಿ ನೀಲಿ ಬಿಡ್ತದಂತೆ, ಬೂದಿ ಬಿದ್ರೆ ಗುಲಾಬಿ ಬಣ್ಣ ಅಂತೆ" ಎಂದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ.

"ಹಂಗಾರೆ ಬೂದಿ ಬಂದು ಸಾಕ್ಷಿ ಹೇಳ್ಬೇಕಾಯ್ತು" ಎಂದು ಗೋಡೆಯ ಕಡೆ ತಿರುಗಿದಳು. "ನಾ ಬಾಯಲ್ಲಿ ಹೇಳಿದ್ದು ಸಾಲ್ದೇ ಹೋಯ್ತು."

ಆ ಚಳಿಗಾಲದಲ್ಲಿ, ಗಂಡನಿಗಿಂತ ಮೊದಲೇ, ತೀರಿಕೊಂಡಳು. ಮುತ್ತೈದೆ ಸಾವು ಎಂದು ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಹಣೆಗೆ ಕುಂಕುಮವಿಟ್ಟು ಕೈಮುಗಿದರು. ಪಟೇಲರ ಹೆಂಡತಿಯೂ ಬಂದರು. "ಪುಣ್ಯವಂತೆ" ಎಂದು ಕಣ್ಣೊರೆಸಿಕೊಂಡು ಬಟ್ಟಲಿಗೆ ಬೆರಳು ಅದ್ದಿದರು. ತಡೆಯಲು ಗಿರಿಜಕ್ಕನ ಕೈ ಇನ್ನು ಏಳುವಂತಿರಲಿಲ್ಲ. ನಾನು ಅವಳ ಹಣೆಯ ಮೇಲೆ ನನ್ನ ಅಂಗೈ ಇಟ್ಟೆ. ಆಕೆ ಬೆರಳು ಒರೆಸಿಕೊಂಡು ಎದ್ದು ಹೋಗುವ ತನಕ ತೆಗೆಯಲಿಲ್ಲ.