ಮೂವತ್ತು, ಐವತ್ತು ಕೂಡಿಸಿದ ದಿನ

ಆಲೂರಿನ ಬಸ್ ಸ್ಟ್ಯಾಂಡ್ ಎದುರಿನ ಮೆಡಿಕಲ್ ಶಾಪಿನ ಅಕ್ಕ ಏನು ಕೊಟ್ಟರೂ ಕನ್ನಡಕ ಹಣೆಗೇರಿಸಿ, ಲೇಬಲ್ ತೋರಿಸಿ, "ಮೊದ್ಲು ಓದ್ರಿ, ಆಮ್ಯಾಲೆ ಹಚ್ರಿ" ಅನ್ನುತ್ತಿದ್ದಳು.

ಹೊಲದ ಸರ್ವೆಗೆ ತಿರುಗಿ ತಿರುಗಿ ನನ್ನ ಮೂಗು ಸುಲಿದಿತ್ತು. "ಬಿಸಿಲಿಗೆ ಹಚ್ಚೋ ಕ್ರೀಮು, ಎಸ್‌ಪಿಎಫ್ ಮೂವತ್ತರದ್ರ ಮ್ಯಾಲೆ ಐವತ್ತರದ್ದು ಹಚ್ಚೀನಿ ಅಕ್ಕಾ. ಕೂಡಿ ಎಂಬತ್ತಾದ್ರೂ ಮೂಗು ಸುಟ್ಟೈತಿ" ಅಂದೆ.

ಅಕ್ಕ ಕೌಂಟರ್ ಹಿಡಿದುಕೊಂಡು ನಕ್ಕಳು. "ಕೂಡಿಸಾಕ ಇವೇನು ಪರೀಕ್ಷೆ ಮಾರ್ಕ್ಸೇನವ್ವಾ? ಐವತ್ತೊಂದೇ ಸಾಕು. ಎಷ್ಟು ಹಚ್ಚಿದಿ?"

"ಕಡ್ಲಿಕಾಳಷ್ಟು."

"ಅಷ್ಟೇ ಹಚ್ಚಿದ್ರ ಐವತ್ತು ಟ್ಯೂಬಿನ ಮ್ಯಾಲೇ ಉಳಿತೈತಿ!" ಅಂದು ನನ್ನ ಎರಡು ಬೆರಳಿನುದ್ದಕ್ಕೂ ಕ್ರೀಮ್ ಹಿಂಡಿದಳು. "ಎರಡು ತಾಸಿಗೆ ಮತ್ತ ಹಚ್ಚು."

ಮರುದಿನ ಹೋದಾಗ, ಅಂಗಡಿ ಮುಂದೆ ಬಿಸಿಲಲ್ಲಿ ಮೆಣಸಿನಕಾಯಿ ಮಾರುವ ಅಜ್ಜಿಯ ಮುಖಕ್ಕೆ ಅಕ್ಕ ತಾನೇ ಕ್ರೀಮ್ ಹಚ್ಚಲು ಹೊರಟಿದ್ದಳು. ಅಜ್ಜಿ ಅಕ್ಕನ ಕೈ ಹಿಡಿದು ನಿಲ್ಲಿಸಿದಳು.

"ಮೊದ್ಲು ಓದವ್ವಾ, ಆಮ್ಯಾಲೆ ಹಚ್ಚು."